ಎರಿ ಹೊಲದ ಹಳೆ ಬೇಲಿ ಕಂಬ ಕಿತ್ತ ನಾಲ್ಕು ಬೆಳಗು

ನಮ್ಮ ಹೊಲ ಇರುವುದು ತಾಳಿಕೋಟಿ ಹತ್ತಿರ, ಡೋಣಿ ಹೊಳೆಯ ಸಾಲಿನಲ್ಲಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ಹಿರಿಯರು ಹೇಳುತ್ತಾರಲ್ಲ, ಅದೇ ಡೋಣಿ. ಮಣ್ಣು ಅಪ್ಪಟ ಎರಿ, ಅಂದರೆ ಕಪ್ಪು ಮಣ್ಣು. ನಮ್ಮ ಅಪ್ಪ ಮತ್ತು ಕಾಕಾ 22 ವರ್ಷದ ಹಿಂದೆ ಬೇರೆಯಾದಾಗ ನಡುವೆ ಒಂದು ಬೇಲಿ ಬಂತು. ಈಗ ಇಬ್ಬರ ಹೊಲಕ್ಕೂ ತೊಗರಿ ಕಟಾವು ಮಷಿನ್ ಬರಬೇಕು, ಅದಕ್ಕೆ ಅಗಲದ ದಾರಿ ಬೇಕು, ಆ ದಾರಿಯ ಸರಿ ಮಧ್ಯದಲ್ಲಿ ಈ ಬೇಲಿ. ಹಬ್ಬದ ದಿನ ಊಟಕ್ಕೆ ಕೂತಾಗ ಕಾಕಾನೇ ಮಾತು ತೆಗೆದರು. ಬಸವ ಜಯಂತಿ ಮುಗಿದ ಮೇಲೆ, ಕಾರಹುಣ್ಣಿಮೆಗೆ ಮೊದಲು ಕಿತ್ತುಬಿಡೋಣ ಅಂತ ಮಾತಾಯಿತು.

ಬೇಲಿ ಉದ್ದ ಸುಮಾರು 630 ಅಡಿ, ಹತ್ತು ಅಡಿಗೊಂದು ಕಂಬ. 41 ಪರಸಿ ಕಲ್ಲಿನ ಕಂಬ, ನಮ್ಮ ಕಡೆ ಸಿಗುವ ಚಪ್ಪಟೆ ಕಲ್ಲು. 9 ಕಬ್ಬಿಣದ ಆ್ಯಂಗಲ್, ಬುಡಕ್ಕೆ ಕಾಂಕ್ರೀಟ್ ಹಾಕಿದ್ದು. ಉಳಿದದ್ದು ಕಟ್ಟಿಗೆ, ಅದರಲ್ಲಿ 11 ಜಾಲಿ, 3 ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ. ಒಟ್ಟು 64. ಆದರೆ ನಾನು ಸಾಲಿನಲ್ಲಿ ನಡೆದು ಎಣಿಸಿದರೆ 65 ಬರುತ್ತಿತ್ತು, ಕಾಕಾ ಎಣಿಸಿದರೆ 64. ಎರಡು ಸಲ ಎಣಿಸಿದೆ, ಎರಡು ಸಲವೂ 65. ಇರಲಿ, ವಯಸ್ಸಾಗಿದೆ ಅಂದುಕೊಂಡು ಸುಮ್ನಾದೆ. ಆ ಒಂದರ ಕಥೆ ಮುಂದೆ ಬರುತ್ತದೆ.

ಜೆಸಿಬಿಯವನನ್ನು ಕೇಳಿದ್ದೆ. ಗಂಟೆಗೆ 1,200 ಅಂದ, ಜೊತೆಗೆ ಊರಿನಿಂದ ಬಂದು ಹೋಗುವುದು ಬೇರೆ. ಅದಕ್ಕಿಂತ ಹೆಚ್ಚಾಗಿ ನನಗೆ ಕಲ್ಲು ಇಡೀ ಬೇಕಿತ್ತು, ದನದ ಕೊಟ್ಟಿಗೆಗೆ ನೆಲಹಾಸು ಮಾಡಬೇಕಿತ್ತು. ಜೆಸಿಬಿ ಬಕೆಟ್‌ಗೆ ಸಿಕ್ಕ ಕಲ್ಲು ಎಷ್ಟು ತುಂಡಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮನೆಯಲ್ಲಿ 45 ಎಚ್‌ಪಿ ಟ್ರ್ಯಾಕ್ಟರ್ ಇದೆ, 15 ಅಡಿ ದಪ್ಪ ಚೈನು ಇದೆ, ಅಕ್ಕನ ಮಗ ಸೂಟಿಗೆ ಬಂದಿದ್ದಾನೆ. ಎರಡು ದಿನದ ಕೆಲಸ ಅಂದುಕೊಂಡೆ. ನಾಲ್ಕು ದಿನ ಹಿಡಿಯಿತು, ಅದೂ ಬೆಳಗ್ಗೆ ಆರರಿಂದ ಹತ್ತರ ತನಕ ಮಾತ್ರ. ಮೇ ತಿಂಗಳ ನಮ್ಮ ಬಿಸಿಲಿಗೆ ಹತ್ತರ ಮೇಲೆ ಚೈನು ಬರಿಗೈಯಲ್ಲಿ ಮುಟ್ಟಲಿಕ್ಕೆ ಆಗುವುದಿಲ್ಲ.

ಮೊದಲ ದಿನ ತಂತಿ ಬಿಚ್ಚಿದ್ದೇ ಅರ್ಧ ಹೊತ್ತು. ಮುಳ್ಳು ತಂತಿ ತುಕ್ಕು ಹಿಡಿದು ಬಿಸ್ಕಿಟ್ ಥರ ಆಗಿತ್ತು, ಆದರೆ ನಡುನಡುವೆ ಬಿಗಿ ಇನ್ನೂ ಉಳಿದಿತ್ತು. ಕತ್ತರಿಸಿದ ಕೂಡಲೇ ಸುರುಳಿಯಾಗಿ ವಾಪಸ್ ಹಾರುತ್ತದೆ. ಹಾಗಾಗಿ ಕತ್ತರಿಸುವ ಜಾಗದ ಎರಡೂ ಬದಿ ಒಬ್ಬೊಬ್ಬರು ಕಾಲಿನಲ್ಲಿ ಒತ್ತಿ ಹಿಡಿದು ಕತ್ತರಿಸಿದೆವು. ಚರ್ಮದ ಕೈಗವಸು ಹಾಕಿಕೊಂಡೇ ಮಾಡಿ. ಮುರಿದ ತುಂಡುಗಳನ್ನು ಆರಿಸಿದೆವು ಅಂದುಕೊಂಡಿದ್ದೆವು, ಆದರೆ ಮೊದಲ ಕಂಬಕ್ಕೆ ಟ್ರ್ಯಾಕ್ಟರ್ ತಂದು ನಿಲ್ಲಿಸುವಷ್ಟರಲ್ಲೇ ಮುಂದಿನ ಟಯರ್ ಪಂಕ್ಚರ್. ಬೆರಳುದ್ದದ ತಂತಿ. ಊರಿಗೆ ಹೋಗಿ ಬರುವುದರಲ್ಲಿ ಒಂದೂವರೆ ಗಂಟೆ ಹೋಯಿತು. ಆಮೇಲೆ ಒಡೆದ ಸ್ಪೀಕರಿನ ಮ್ಯಾಗ್ನೆಟ್ ಒಂದನ್ನು ದಾರಕ್ಕೆ ಕಟ್ಟಿ ಬೇಲಿಯ ಸಾಲಿನುದ್ದಕ್ಕೂ ಎಳೆದಾಡಿಸಿದೆ. ಅಕ್ಕನ ಮಗನಿಗೆ ಅದೇ ಆಟವಾಯಿತು. ಒಂದು ಡಬ್ಬಿ ತುಂಬಾ ಚೂರು ಬಂದವು. ಇದನ್ನು ಮೊದಲೇ ಮಾಡಬೇಕಿತ್ತು.

ಅವತ್ತು ಉಳಿದ ಹೊತ್ತಿನಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಕಂಬದ ಅರ್ಧಕ್ಕೆ ಚೈನು ಸುತ್ತಿ, ಟ್ರ್ಯಾಕ್ಟರ್ ಹಿಂದಿನ ಕೊಂಡಿಗೆ ಹಾಕಿ, ಲೋ ಗೇರಿನಲ್ಲಿ ಅಡ್ಡಕ್ಕೆ ಜಗ್ಗಿದೆ. ಆರು ಕಲ್ಲು ಜಗ್ಗಿದೆ, ನಾಲ್ಕು ನೆಲಮಟ್ಟಕ್ಕೆ ಸರಿಯಾಗಿ ಪಟ್ ಅಂತ ಮುರಿದವು. ಎರಡು ಬಂದವು, ಅವೂ ಬದುವಿನ ಮೇಲೆ ಸಡಿಲ ನಿಂತಿದ್ದವು. ಮೇಲಿನ ನಾಲ್ಕೂವರೆ ಅಡಿ ಕೈಗೆ ಬಂತು, ಕೆಳಗಿನ ಎರಡೂವರೆ ಅಡಿ ನೆಲದಲ್ಲೇ ಉಳಿಯಿತು. ಆ ತುಂಡನ್ನು ತೆಗೆಯುವ ಕೆಲಸ ಇಡೀ ಕಂಬ ತೆಗೆಯುವುದಕ್ಕಿಂತ ಮೂರು ಪಟ್ಟು. ಹಿಡಿಯಲಿಕ್ಕೆ ಏನೂ ಇರುವುದಿಲ್ಲ, ಅಲ್ವಾ.

ಬದುವಿನ ಮೇಲೆ ಕೂತು ನೋಡುತ್ತಿದ್ದ ಕಾಕಾ ಎದ್ದು ಬಂದರು. "ತಮ್ಮಾ, ಒಣ ಹೊಲ್ದಾಗ ಶೇಂಗಾ ಕಿತ್ರ ಏನಾಗ್ತದ? ಬಳ್ಳಿ ಕೈಯಾಗ ಬರ್ತದ, ಕಾಯಿ ನೆಲದಾಗ ಉಳೀತಾವ. ನೀ ಮಾಡಾಕತ್ತಿದ್ದು ಅದ." ಅಷ್ಟು ಹೇಳಿ ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋದರು. ಮುಂದಿನದನ್ನು ನಾನೇ ಯೋಚಿಸಿಕೊಳ್ಳಬೇಕು ಅಂತ ಅರ್ಥ.

ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮ ಕಂಬ ಏಳು ಅಡಿ ಉದ್ದ, 9 ಇಂಚು ಅಗಲ, 3 ಇಂಚು ದಪ್ಪ. ತೂಕ 90ರಿಂದ 100 ಕೆಜಿ ಆಗುತ್ತದೆ. ಕಲ್ಲಿಗೆ ಮೇಲಿನಿಂದ ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಬಾಗಿಸಿದರೆ ಮಾತ್ರ ತಡೆಯುವುದಿಲ್ಲ. ಕಬ್ಬಿಣದ ಥರ ಸ್ವಲ್ಪ ಬಾಗಿ ಎಚ್ಚರಿಕೆ ಕೊಡುವುದೂ ಇಲ್ಲ, ಒಂದೇ ಸಲ ಹೋಗುತ್ತದೆ. ನಾನು ಅರ್ಧ ಎತ್ತರದಲ್ಲಿ ಚೈನು ಕಟ್ಟಿ ಎಳೆದಾಗ ಪೂರ್ತಿ ಕಂಬವೇ ಒಂದು ಹಾರೆಯಾಗಿ ನೆಲಮಟ್ಟದ ಜಾಗದ ಮೇಲೆ ಎಲ್ಲ ಒತ್ತಡ ಬಿತ್ತು. ಅದರಲ್ಲೂ ನಾನು ಎಳೆದದ್ದು ಬೇಲಿಗೆ ಅಡ್ಡಲಾಗಿ, ಅಂದರೆ ಕಲ್ಲಿನ ತೆಳು ದಿಕ್ಕಿಗೆ. ತಂತಿ ಕಟ್ಟುವ ಚಪ್ಪಟೆ ಮುಖ ಹೊಲದ ಕಡೆ ಇರುತ್ತದಲ್ಲ, ಆ ಕಡೆಗೆ 3 ಇಂಚು ದಪ್ಪ ಮಾತ್ರ. ಬೇಲಿಯ ಸಾಲಿನ ಉದ್ದಕ್ಕೆ ಎಳೆದಿದ್ದರೆ 9 ಇಂಚು ತಡೆ ಕೊಡುತ್ತಿತ್ತು. ಬಾಗುವ ಬಲದ ಲೆಕ್ಕದಲ್ಲಿ ಅದು ಸರಿಯಾಗಿ ಮೂರು ಪಟ್ಟು ಗಟ್ಟಿ. ಇಷ್ಟು ಸಣ್ಣ ವಿಷಯ ಮೊದಲೇ ಹೊಳೆದಿದ್ದರೆ ಎರಡು ಕಲ್ಲಾದರೂ ಉಳಿಯುತ್ತಿದ್ದವು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಂಬ ಕೀಳುವಾಗ ಜನ ಸಾಯುವುದು ಇದರಿಂದಲೇ. ಚೈನನ್ನು ಯಾವತ್ತೂ ಹಿಂದಿನ ಹೌಸಿಂಗಿಗಾಗಲಿ, ಟಾಪ್ ಲಿಂಕ್ ಜಾಗಕ್ಕಾಗಲಿ, ಸೀಟಿನ ಕೆಳಗೆ ಎಲ್ಲಿಗಾದರೂ ಆಗಲಿ ಕಟ್ಟಬೇಡಿ. ಎಳೆಯುವ ಕೆಲಸಕ್ಕೆ ಕೆಳಗಿನ ಡ್ರಾಬಾರ್, ಅಂದರೆ ಹಿಂದೆ ತಗ್ಗಿನಲ್ಲಿರುವ ಎಳೆಯುವ ಪಟ್ಟಿ, ಒಂದೇ ಜಾಗ. ಕಂಬ ಜಗ್ಗದೆ ನಿಂತರೆ ಹಿಂದಿನ ಗಾಲಿ ತಿರುಗಲಾಗದೆ ನಿಲ್ಲುತ್ತದೆ, ಆಗ ಎಂಜಿನ್ನಿನ ಬಲಕ್ಕೆ ಟ್ರ್ಯಾಕ್ಟರೇ ಹಿಂದಿನ ಅಚ್ಚಿನ ಸುತ್ತ ಮೇಲಕ್ಕೆ ಏಳುತ್ತದೆ. ಚೈನು ಎತ್ತರದಲ್ಲಿದ್ದರೆ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ. ಮತ್ತೆ ಇಳಿಸಲಾಗದ ಹಂತಕ್ಕೆ ಹೋಗಲಿಕ್ಕೆ ಒಂದು ಸೆಕೆಂಡ್ ಕೂಡ ಬೇಕಾಗುವುದಿಲ್ಲ, ಕ್ಲಚ್ ತುಳಿಯಬೇಕು ಅಂತ ನೆನಪಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ನಮ್ಮ ಕಡೆ ಟ್ರ್ಯಾಕ್ಟರಿಗೆ ರಕ್ಷಣೆಯ ಕಬ್ಬಿಣದ ಚೌಕಟ್ಟು ಯಾರು ಹಾಕಿಸಿರುತ್ತಾರೆ? ಬಿಸಿಲಿಗೆ ಒಂದು ತಗಡಿನ ಚಪ್ಪರ ಅಷ್ಟೇ. ಹಾಗೆಯೇ ಚೈನು ಸಡಿಲ ಬಿಟ್ಟು ಓಡಿಸಿ ಝಟಕಾ ಕೊಡುವುದು ಬೇಡ. ನೈಲಾನ್ ಹಗ್ಗ ಅಂತೂ ಬೇಡವೇ ಬೇಡ, ಅದು ರಬ್ಬರ್ ಥರ ಹಿಗ್ಗಿ ಕಡಿದಾಗ ಕೊಂಡಿ ಸಮೇತ ಹಾರಿಬರುತ್ತದೆ. ನಾನು ಚೈನಿನ ಮೇಲೆ ಒದ್ದೆ ಗೋಣಿಚೀಲ ಹಾಕುತ್ತಿದ್ದೆ, ಹುಡುಗ ಚೈನಿನ ಉದ್ದದ ಒಂದೂವರೆ ಪಟ್ಟು ದೂರ, ಅದೂ ಪಕ್ಕಕ್ಕೆ ನಿಲ್ಲಬೇಕು ಅಂತ ಕಟ್ಟಪ್ಪಣೆ.

ಎರಡನೇ ದಿನ ಗಾಲಿಯ ಉಪಾಯ. ಹಳೆ ಟ್ರೈಲರ್ ಟಯರ್ ರಿಮ್ ಸಮೇತ ಹಿತ್ತಲಲ್ಲಿ ಬಿದ್ದಿತ್ತು. ಅದನ್ನು ಕಂಬಕ್ಕೆ ಒತ್ತಿ ನೆಟ್ಟಗೆ ನಿಲ್ಲಿಸುವುದು. ಚೈನನ್ನು ಕಂಬದ ಬುಡಕ್ಕೆ, ನೆಲಕ್ಕೆ ತಾಗಿ ಕಟ್ಟುವುದು, ಅಲ್ಲಿಂದ ಟಯರಿನ ನೆತ್ತಿಯ ಮೇಲೆ ಹಾಯಿಸಿ ಟ್ರ್ಯಾಕ್ಟರ್ ಡ್ರಾಬಾರಿಗೆ. ಟ್ರ್ಯಾಕ್ಟರ್ ಮುಂದಕ್ಕೆ ಹೋದಂತೆ ಬುಡದ ಚೈನು ಮೊದಲು ಮೇಲಕ್ಕೆ ಎಳೆಯುತ್ತದೆ, ಆಮೇಲೆ ಗಾಲಿ ಉರುಳಿ ಕಂಬ ಮುಂದಕ್ಕೆ ಬೀಳುತ್ತದೆ. ಅಡ್ಡ ಎಳೆತ ಲಂಬ ಎಳೆತವಾಗುತ್ತದೆ, ಅಷ್ಟೇ ಮಂತ್ರ. ಗಾಲಿ ಮಣ್ಣಿನಲ್ಲಿ ಹೂಳದಂತೆ ಕೆಳಗೆ ಒಂದು ಹಲಗೆ ಇಡಬೇಕು. ನಾವು ಇಡದೆ ಎರಡು ಸಲ ಗಾಲಿ ಹೂತು ಚೈನು ಪಕ್ಕಕ್ಕೆ ಜಾರಿತು.

ಜಾಲಿ ಕಂಬಗಳಿಗೆ ಇದು ಚೆನ್ನಾಗಿ ಕೆಲಸ ಮಾಡಿತು ಅಂತ ಹೇಳಬೇಕೆಂದಿದ್ದೆ, ಆದರೆ ಹನ್ನೊಂದರಲ್ಲಿ ಐದು ಮಾತ್ರ ಇಡಿಯಾಗಿ ಬಂದವು. ಆರು ನೆಲಮಟ್ಟಕ್ಕೇ ಕಡಿದವು. ಅದು ಗಾಲಿಯ ತಪ್ಪಲ್ಲ. ಕಟ್ಟಿಗೆ ಕಂಬ ಕೊಳೆಯುವುದು ಯಾವಾಗಲೂ ನೆಲಮಟ್ಟದಲ್ಲೇ, ಗಾಳಿ ಮತ್ತು ಹಸಿ ಎರಡೂ ಸೇರುವ ಜಾಗ ಅದು. ಮೇಲೆ ನೋಡಿದರೆ ಗಟ್ಟಿ, ಕೆಳಗೆ ಅಗೆದರೆ ಇನ್ನೂ ಗಟ್ಟಿ, ನಡುವೆ ಒಂದು ಗೇಣು ಮಾತ್ರ ಒರಲೆ ತಿಂದು ಬೆಂಡಾಗಿರುತ್ತದೆ. ಆರು ತುಂಡಿಗೂ ಸುತ್ತ ಒಂದೂವರೆ ಅಡಿ ಅಗೆದು, ಗಟ್ಟಿ ಭಾಗಕ್ಕೆ ಚೈನು ಬಿಗಿದು ಎತ್ತಬೇಕಾಯಿತು. ಜಾಲಿಯ ಕೆಚ್ಚು 22 ವರ್ಷದ ಮೇಲೂ ಕೊಡಲಿಗೆ ಠಣ್ ಅನ್ನುತ್ತಿತ್ತು. ಒಂದರ ಬುಡದಲ್ಲಿ ಮರಿ ಸಮೇತ ಚೇಳು. ಹಾಗಾಗಿ ಕುಣಿಗೆ ಕೈ ಹಾಕುವ ಮೊದಲು ಕೋಲು ಹಾಕಿ ನೋಡಿ.

ಗೊಬ್ಬರದ ಗಿಡದ ಮೂರು ಗೂಟಗಳು ಗೂಟಗಳಾಗಿ ಉಳಿದಿರಲೇ ಇಲ್ಲ, ಚಿಗುರಿ ತೋಳು ಗಾತ್ರದ ಮರಗಳಾಗಿದ್ದವು. ಬೇರು ಬಿಟ್ಟದ್ದನ್ನು ಕೀಳುವುದು ಬೇರೆಯದೇ ಕೆಲಸ. ಮೂರೂ ದಾರಿಯ ಅಂಚಿಗೆ ಇವೆ, ಬುತ್ತಿ ಉಣ್ಣಲಿಕ್ಕೆ ನೆರಳಾಗುತ್ತದೆ ಅಂತ ಕಾಕಾ ಬಿಡಿಸಿದರು. ನನಗೂ ಬೇಕಾಗಿತ್ತು.

ಕಲ್ಲಿಗೆ ಗಾಲಿ ಅಷ್ಟಕ್ಕಷ್ಟೇ. ನಾಲ್ಕು ಮಾಡಿದೆ, ಈ ಸಲ ಸಾಲಿನ ಉದ್ದಕ್ಕೆ. ಮೂರು ಇಡಿಯಾಗಿ ಬಂದವು, ಒಂದು ಗಾಲಿ ಉರುಳುವ ಹಂತದಲ್ಲಿ ಮುರಿಯಿತು. ಗಾಲಿ ಕೊನೆಯಲ್ಲಿ ಕಂಬವನ್ನು ಅಡ್ಡಕ್ಕೆ ತಳ್ಳಿಯೇ ತಳ್ಳುತ್ತದೆ, ಕಟ್ಟಿಗೆ ಅದನ್ನು ತಡೆಯುತ್ತದೆ, ಕಲ್ಲು ತಡೆಯುವುದಿಲ್ಲ. ಕಲ್ಲು ಹೊರಗೆ ಬರುವ ತನಕ ನೆಟ್ಟಗೇ ಬರಬೇಕು. ಹಾಗೆ ನೆಟ್ಟಗೆ ಎತ್ತುವ ಯಂತ್ರ, ಹೈಡ್ರಾಲಿಕ್ ಲಿಫ್ಟ್, ಟ್ರ್ಯಾಕ್ಟರಿನ ಹಿಂದೆಯೇ ಇದೆ, ದಿನಾ ಕಲ್ಟಿವೇಟರ್ ಎತ್ತುತ್ತಲೇ ಇರುತ್ತದೆ. ಎರಡು ದಿನ ಅದನ್ನು ಬಿಟ್ಟು ಬೇರೆ ಎಲ್ಲ ಮಾಡಿದೆ ನೋಡಿ.

ಆದರೆ ಅದಕ್ಕೆ ಮೊದಲು ನೀರು. ಎರಿ ಮಣ್ಣಿನ ಗುಣ ಗೊತ್ತಲ್ಲ. ಇದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮೇ ತಿಂಗಳಲ್ಲಿ ಬಿರುಕಿನೊಳಗೆ ಕೈ ಮುಂಗೈತನಕ ಹೋಗುತ್ತದೆ. ಬಿರುಕು ಇದೆ ಎಂದರೆ ಕಂಬ ಸಡಿಲ ಇರುತ್ತದೆ ಅಂತ ನಾನು ತಿಳಿದಿದ್ದೆ. ಮೇಲಿನ ಅರ್ಧ ಅಡಿ ಸಡಿಲ ನಿಜ, ಅದರ ಕೆಳಗೆ ಇಟ್ಟಿಗೆಯಂತೆ ಗಟ್ಟಿ. ಆ ಗಟ್ಟಿ ಮಣ್ಣೇ ಕಂಬವನ್ನು ಇಕ್ಕಳದ ಹಾಗೆ ಹಿಡಿದು ಮುರಿಸುತ್ತದೆ. ಕಾಕಾನ ಶೇಂಗಾ ಮಾತು ನೆನಪಾಯಿತು. ಶೇಂಗಾ ಕೀಳುವ ಮೊದಲು ಒಂದು ಹದ ಮಳೆ ಕಾಯುತ್ತೇವೆ, ಇಲ್ಲದಿದ್ದರೆ ನೀರು ಹಾಯಿಸುತ್ತೇವೆ. ಇದಕ್ಕೂ ಅದೇ.

ಎರಡನೇ ದಿನ ಸಂಜೆ ಟ್ಯಾಂಕರ್ ತಂದು ಇಪ್ಪತ್ತು ಕಂಬಗಳ ಬುಡಕ್ಕೆ ನೀರು ಬಿಟ್ಟೆವು. ಸುಮ್ನೆ ಮೇಲೆ ಸುರಿದರೆ ಪಕ್ಕದ ಬಿರುಕಿಗೆ ಹೋಗಿಬಿಡುತ್ತದೆ. ಕಲ್ಲಿನ ಎರಡೂ ಚಪ್ಪಟೆ ಬದಿಗೆ ಹಾರೆಯಿಂದ ಎರಡು ಅಡಿ ಆಳದ ತೂತು ಹಾಕಿ, ತೂತಿಗೆ ಬಕೆಟ್ಟಿನಿಂದ ಕೊಂಚ ಕೊಂಚ ಹುಯ್ದೆವು, ಕಂಬಕ್ಕೆ ಎರಡು ಬಕೆಟ್. ಒಂದು ಸಲ ಇಂಗಿದ ಮೇಲೆ ಇನ್ನೊಂದು ಸಲ. ರಾತ್ರಿ ಪೂರ್ತಿ ಬಿಟ್ಟೆವು. ಜಾಸ್ತಿ ನೀರು ಬೇಡ, ಟ್ರ್ಯಾಕ್ಟರ್ ಗಾಲಿ ನಿಲ್ಲುವ ಜಾಗ ಒದ್ದೆಯಾದರೆ ಎರಿಯಲ್ಲಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಈ ಕೆಲಸ ಮಾಡಲಿಕ್ಕೆ ಆಗದಿರುವುದೂ ಅದಕ್ಕೇ.

ಮೂರನೇ ದಿನ ಬೆಳಗ್ಗೆ ಹಿಂದಿನ ಎರಡು ಲಿಫ್ಟ್ ತೋಳುಗಳ ನಡುವೆ ತೂತಿನ ಅಡ್ಡಪಟ್ಟಿ ಹಾಕಿದೆ. ಚೈನಿನ ಕೊಂಡಿ ಸರಿಯಾಗಿ ನಡುವಿನ ತೂತಿಗೆ, ಇಲ್ಲದಿದ್ದರೆ ಒಂದೇ ತೋಳಿನ ಮೇಲೆ ಭಾರ ಬೀಳುತ್ತದೆ. ತೋಳು ಅತ್ತಿತ್ತ ಓಲಾಡದಂತೆ ಪಕ್ಕದ ಚೈನುಗಳನ್ನು ಬಿಗಿ ಮಾಡಿದೆ. ಕಂಬ ಅಡ್ಡಪಟ್ಟಿಗೆ ತಾಗುವಷ್ಟು ಹತ್ತಿರಕ್ಕೆ ರಿವರ್ಸ್ ತಂದು, ತೋಳು ಪೂರ್ತಿ ಇಳಿಸಿ, ಬುಡಕ್ಕೆ ಚೈನಿನ ಕುಣಿಕೆ ಹಾಕಿದೆ. ಪಟ್ಟಿಗೂ ಕುಣಿಕೆಗೂ ನಡುವೆ ಚೈನು ಒಂದು ಗೇಣಿಗಿಂತ ಜಾಸ್ತಿ ಇರಬಾರದು, ಉದ್ದ ಬಿಟ್ಟರೆ ಎತ್ತುವ ಓಟವೆಲ್ಲ ಚೈನು ಬಿಗಿಯಾಗುವುದರಲ್ಲೇ ಮುಗಿಯುತ್ತದೆ. ನುಣ್ಣನೆ ಕಲ್ಲಿನ ಮೇಲೆ ಚೈನು ಜಾರುತ್ತದೆ, ಅದಕ್ಕೆ ಹಳೆ ಟ್ಯೂಬಿನ ತುಂಡು ಸುತ್ತಿ ಅದರ ಮೇಲೆ ಕುಣಿಕೆ.

ಲಿವರ್ ನಿಧಾನಕ್ಕೆ ಎತ್ತಿದೆ. ಹೈಡ್ರಾಲಿಕ್ ಒಂದು ಸಲ ಮುಲುಕಿತು, ಟ್ರ್ಯಾಕ್ಟರ್ ಹಿಂಬದಿ ಟಯರ್ ಚಪ್ಪಟೆಯಾಯಿತು, ಆಮೇಲೆ ಬುಡದಲ್ಲಿ ಪಚಕ್ ಅಂತ ಒಂದು ಸದ್ದು. ಕೆಸರಿನಿಂದ ಕಾಲು ಕಿತ್ತ ಹಾಗೆ. ಕಲ್ಲು ನೆಟ್ಟಗೆ ಎದ್ದು ಬಂತು. ಹುಡುಗ ಕೇಕೆ ಹಾಕಿದ, ನಾನೂ ಹಾಕಿದೆ ಅನ್ನಿ.

ಆ ಸಂತೋಷ ಅರ್ಧ ನಿಮಿಷ ಇತ್ತು. ಕುಣಿಕೆ ಇರುವುದು ಕಂಬದ ಬುಡದಿಂದ ಎರಡೂವರೆ ಅಡಿ ಮೇಲೆ, ಕಂಬದ ತೂಕದ ನಡು ಇರುವುದು ಮೂರೂವರೆ ಅಡಿಗೆ. ಅಂದರೆ ಮೇಲ್ಭಾರ. ಮಣ್ಣು ಹಿಡಿದಿರುವ ತನಕ ನೆಟ್ಟಗೆ ನಿಲ್ಲುತ್ತದೆ, ಬುಡ ಬಿಟ್ಟ ಕ್ಷಣ ತಲೆ ಯಾವ ಕಡೆಗಾದರೂ ಬೀಳಬಹುದು. ನಮ್ಮದು ಟ್ರ್ಯಾಕ್ಟರ್ ಕಡೆಗೇ ಬಿತ್ತು. ಹಿಂದಿನ ಮಡ್‌ಗಾರ್ಡ್ ಮೇಲೆ ಧಡ್ ಅಂತ, ನನ್ನ ಮೊಣಕೈಯಿಂದ ಒಂದು ಮೊಳ ದೂರ. ನೂರು ಕೆಜಿ ಕಲ್ಲು. ಮಡ್‌ಗಾರ್ಡಿನ ಗುಂಡಿ ಇನ್ನೂ ಹಾಗೇ ಇದೆ. ಅವ್ವ ಬುತ್ತಿ ತಂದಾಗ ಅದನ್ನು ನೋಡಿ ಏನೂ ಕೇಳಲಿಲ್ಲ, ರೊಟ್ಟಿ ಶೇಂಗಾ ಹಿಂಡಿ ಬಡಿಸಿ, ಹುಡುಗನನ್ನು ಮಾತ್ರ ಕರೆದುಕೊಂಡು ಮನೆಗೆ ಹೋದಳು. ಅವನನ್ನು ಮತ್ತೆ ಕರೆಸಲಿಕ್ಕೆ ಸಂಜೆ ತನಕ ಬೇಡಿಕೊಳ್ಳಬೇಕಾಯಿತು.

ಆವತ್ತು ಹುಡುಗನ ಜಾಗಕ್ಕೆ ಕಾಕಾ ನಿಂತರು, ಕ್ರಮವೂ ಬದಲಾಯಿತು. ಎತ್ತುವ ಮೊದಲೇ ಕಂಬದ ತಲೆಗೆ ಹಗ್ಗ ಕಟ್ಟಿ, ಟ್ರ್ಯಾಕ್ಟರಿನಿಂದ ದೂರದ ಕಡೆಗೆ ಹನ್ನೆರಡು ಅಡಿ ಆಚೆ ಒಬ್ಬರು ಹಿಡಿಯುವುದು. ತೋಳಿನ ಓಟ ಎರಡು ಅಡಿ ಚಿಲ್ಲರೆ, ಹೂತಿರುವುದು ಎರಡೂವರೆ ಅಡಿ, ಹಾಗಾಗಿ ಎರಡು ಸಲ ಕುಣಿಕೆ ಹಾಕಬೇಕು. ಮೊದಲ ಸಲ ಒಂದೂವರೆ ಅಡಿ ಎತ್ತಿ, ಬುಡಕ್ಕೆ ಮಣ್ಣು ಒತ್ತಿ ನಿಲ್ಲಿಸಿ, ಕುಣಿಕೆ ಕೆಳಗೆ ಜಾರಿಸಿ, ಎರಡನೇ ಸಲ ಅರ್ಧ ಅಡಿ. ಕೊನೆಯ ಅರ್ಧ ಅಡಿ ಲಿಫ್ಟಿನಿಂದ ತೆಗೆಯಬಾರದು. ಚೈನು ಬಿಚ್ಚಿ, ಟ್ರ್ಯಾಕ್ಟರ್ ಮುಂದಕ್ಕೆ ತೆಗೆದು, ಆಮೇಲೆ ಹಗ್ಗ ಜಗ್ಗಿದರೆ ಕಲ್ಲು ತಾನೇ ದೂರಕ್ಕೆ ಮಲಗುತ್ತದೆ. ಬೀಳುವ ಜಾಗದಲ್ಲಿ ಹೊಟ್ಟಿನ ಚೀಲ ಹಾಕಿದ್ದೆವು, ಗಟ್ಟಿ ನೆಲಕ್ಕೆ ಬಿದ್ದರೆ ಅಲ್ಲಿಯೂ ಮುರಿಯುತ್ತದೆ.

ಹೀಗೆ ಮೂರನೇ ದಿನ ಇಪ್ಪತ್ತು ಕಲ್ಲು. ಮುರಿದದ್ದು ಒಂದೇ, ಅದೂ ನನ್ನ ಜಾಣತನದಿಂದ. ಕುಣಿಕೆ ಹಾಕುವ ತಾಪತ್ರಯ ತಪ್ಪಿಸಲು ತಂತಿ ಕಟ್ಟುವ ತೂತಿನೊಳಗೆ ಕಬ್ಬಿಣದ ಸರಳು ತೂರಿಸಿ ಅದಕ್ಕೆ ಚೈನು ಹಾಕಿದೆ. ತೂತಿನ ಅಂಚೇ ಕಿತ್ತುಕೊಂಡು ಬಂತು, ಅಲ್ಲಿಂದ ಉದ್ದಕ್ಕೆ ಸೀಳು. ಇನ್ನೊಂದು ಸಲ ಅಡ್ಡಪಟ್ಟಿಯ ಒಂದು ತುದಿ ತೋಳಿನಿಂದ ಕಳಚಿತು, ಯಾಕೆಂದರೆ ಕಳೆದುಹೋದ ಪಿನ್ನಿನ ಜಾಗಕ್ಕೆ ನಾನು ಹಿಂದಿನ ವರ್ಷವೇ ಒಂದು ಮೊಳೆ ಬಾಗಿಸಿ ಹಾಕಿದ್ದೆ. ಸರಿಯಾದ ಪಿನ್ ಬೆಲೆ ಚಹಾ ಬಜ್ಜಿಯಷ್ಟೂ ಇಲ್ಲ. ಮೊದಲು ಅದನ್ನು ಹಾಕಿ.

ಕಂಬ ಜಗ್ಗದಿದ್ದರೆ ಹೇಗೆ ಗೊತ್ತಾಗುತ್ತದೆ ಅಂದರೆ ಮುಂದಿನ ಗಾಲಿ ಹಗುರಾಗುತ್ತದೆ. ಸ್ಟೇರಿಂಗ್ ಸಡಿಲ ಅನ್ನಿಸಿದ ಕೂಡಲೇ ಲಿವರ್ ಇಳಿಸಿಬಿಡಿ. ಹೈಡ್ರಾಲಿಕ್ ಚೀರುತ್ತಾ ನಿಂತರೂ ಅಷ್ಟೇ, ಹಟ ಮಾಡಿದರೆ ಪಂಪು ಬಿಸಿಯಾಗುತ್ತದೆ. ಈ ಅಳತೆಯ ಟ್ರ್ಯಾಕ್ಟರಿನ ಲಿಫ್ಟ್ ಒಂದೂವರೆ ಟನ್ ಹತ್ತಿರ ಎತ್ತುತ್ತದೆ, ಅದಕ್ಕೂ ಬರದಿದ್ದರೆ ಇನ್ನೆರಡು ಬಕೆಟ್ ನೀರು, ಹಾರೆಯಿಂದ ಸಾಲಿನ ಉದ್ದದ ದಿಕ್ಕಿಗೆ ನಾಲ್ಕು ಸಲ ಮೀಟುವುದು, ಒಂದು ತಾಸು ಬಿಡುವುದು. ಎರಿ ಮಣ್ಣು ಹಸಿಯಾದಾಗ ಹೀರಿ ಹಿಡಿಯುತ್ತದೆ, ಮೀಟಿದಾಗ ಒಂದು ಎಳೆ ಗಾಳಿ ಕೆಳಗೆ ಹೋದರೆ ಸಾಕು, ಬಿಟ್ಟುಕೊಡುತ್ತದೆ.

ನಾಲ್ಕನೇ ದಿನ ಉಳಿದ ಹನ್ನೊಂದು ಕಲ್ಲು ಒಂದೂ ಮುರಿಯದೆ ಎಂಟೂವರೆಗೆ ಮುಗಿದವು. ಆ ಹುಮ್ಮಸ್ಸಿನಲ್ಲಿ ಮೂಲೆಯಲ್ಲಿದ್ದ ಗಿಡ್ಡ ಕಲ್ಲಿಗೂ ಕುಣಿಕೆ ಹಾಕಿ, ಸೀಟು ಹತ್ತಿ ಲಿವರಿಗೆ ಕೈ ಹಾಕಿದ್ದೆ. ಕಾಕಾ ಬದುವಿನ ಆ ತುದಿಯಿಂದ ಟವೆಲ್ ಬೀಸುತ್ತಾ ಓಡಿ ಬಂದರು. ಮೊಣಕಾಲಿನ ನೋವಿನವರು ಓಡಿದ್ದು ನಾನು ನೋಡಿದ್ದೇ ಇಲ್ಲ. "ಏ ಹುಚ್ಚಪ್ಪಾ, ಅದು ಬಾಂದಿನ ಕಲ್ಲೋ!"

ಅದೇ 65ನೆಯದು. ಸರ್ವೆಯವರು ನೆಟ್ಟ ಗಡಿ ಕಲ್ಲು, ಬೇಲಿ ಹಾಕುವಾಗ ತಂತಿಯನ್ನು ಅದಕ್ಕೂ ಸುತ್ತಿದ್ದರು, ಹಾಗಾಗಿ ಕಂಬದ ಹಾಗೇ ಕಂಡಿತ್ತು. ಮಣ್ಣು ಒರೆಸಿ ನೋಡಿದರೆ ತಲೆಯ ಮೇಲೆ ಗುರುತು ಇತ್ತು. ಬಾಂದು ಕಲ್ಲು ಕೀಳುವುದಾಗಲಿ ಸರಿಸುವುದಾಗಲಿ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಪ್ರಕಾರ ತಪ್ಪು, ದಂಡ ಇದೆ. ದಂಡಕ್ಕಿಂತ ದೊಡ್ಡದು ಮತ್ತೆ ಅಳತೆ ಹಾಕಿಸುವ ಓಡಾಟ, ಮೂರನೇ ಹೊಲದವರ ಜೊತೆ ಬರುವ ತಕರಾರು. ಬೇಲಿ ನಿಮ್ಮದು, ಬಾಂದು ನಿಮ್ಮದಲ್ಲ. ಕಂಬ ಕೀಳುವ ಮೊದಲು ಹಿರಿಯರೊಬ್ಬರನ್ನು ಕರೆದುಕೊಂಡು ಸಾಲಿನುದ್ದಕ್ಕೂ ನಡೆದು, ಬಾಂದು ಕಲ್ಲುಗಳಿಗೆ ಸುಣ್ಣ ಬಳಿದುಬಿಡಿ. ಅವರ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ಒಂದು ವ್ಯತ್ಯಾಸ ಬಂದರೆ ಅವರು ಎಣಿಸಿದ್ದೇ ಸರಿ ಅಂದುಕೊಳ್ಳಿ.

ಆ್ಯಂಗಲ್ ಕಂಬಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಎರಡನೇ ದಿನ ಗಾಲಿಯಲ್ಲಿ ಎರಡು ಎಳೆದಿದ್ದೆ, ಒಂದು ಬಂತು, ಇನ್ನೊಂದು ಕಾಂಕ್ರೀಟಿನ ಮೇಲ್ಮಟ್ಟದಲ್ಲಿ ತುಕ್ಕು ತಿಂದ ಜಾಗಕ್ಕೆ ಹರಿಯಿತು. ಕಾಂಕ್ರೀಟ್ ಗಡ್ಡೆ ಕೆಳಗೆ ಅಗಲ, ಮೇಲೆ ಕಿರಿದು, ನೆಟ್ಟಗೆ ಎತ್ತಿದರೂ ಮಣ್ಣನ್ನು ಹೊತ್ತುಕೊಂಡೇ ಬರಬೇಕು. ಅದಕ್ಕೆ ಒಂದು ಬದಿ ಸಲಿಕೆಯಿಂದ ಪೂರ್ತಿ ಅಗೆದು, ಗಡ್ಡೆಯ ಕೆಳಗಿನಿಂದ ಚೈನು ಹಾಯಿಸಿ ಲಿಫ್ಟಿಗೆ ಕಟ್ಟಿದೆವು. ಒಂದಕ್ಕೆ ಇಪ್ಪತ್ತು ನಿಮಿಷ. ಕಬ್ಬಿಣ ಗುಜರಿಗೆ ಹೋಯಿತು, ಗಡ್ಡೆಗಳು ಹಳ್ಳದ ದಂಡೆಗೆ.

ಕುಣಿ ಮುಚ್ಚುವುದನ್ನು ಹಗುರವಾಗಿ ತಗೋಬೇಡಿ. ಮೊದಲ ದಿನದ ಎರಡು ಕುಣಿಗೆ ಪಕ್ಕದ ಎರಿ ಹೆಂಟೆಯನ್ನೇ ತಳ್ಳಿ ತುಳಿದಿದ್ದೆ. ನಾಲ್ಕನೇ ದಿನ ಟ್ರ್ಯಾಕ್ಟರ್ ಹಿಂದಿನ ಗಾಲಿ ಒಂದರಲ್ಲಿ ಮೊಣಕಾಲುದ್ದ ಇಳಿಯಿತು. ಹೆಂಟೆಗಳ ನಡುವೆ ಪೊಳ್ಳು ಉಳಿದಿರುತ್ತದೆ, ಮೇಲಿನಿಂದ ಕಾಣುವುದಿಲ್ಲ. ದಾರಿ ಆಗುವ ಜಾಗವಾದ್ದರಿಂದ ಆಮೇಲೆ ಎಲ್ಲದಕ್ಕೂ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತಂದು, ಅರ್ಧ ಅಡಿ ಹಾಕಿ ಹಾರೆಯ ಹಿಂಬದಿಯಿಂದ ಕುಟ್ಟಿ, ಮತ್ತೆ ಅರ್ಧ ಅಡಿ ಹಾಕಿ ಕುಟ್ಟಿ, ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಬಿಟ್ಟಿದ್ದೇವೆ. ಒಂದು ಮಳೆಗೆ ಕೂತುಕೊಳ್ಳುತ್ತದೆ. ಉಳುವ ಹೊಲದ ಒಳಗಿನ ಕುಣಿಯಾದರೆ ಗರಸು ಬೇಡ, ಎರಿ ಮಣ್ಣನ್ನೇ ಪುಡಿ ಮಾಡಿ ತುಂಬಿ.

ನಾಲ್ಕು ಬೆಳಗಿಗೆ ಡೀಸೆಲ್ 14 ಲೀಟರ್, ಒಂದು ಪಂಕ್ಚರ್, ಒಂದು ಟ್ಯಾಂಕರ್ ನೀರು, ಮಡ್‌ಗಾರ್ಡಿಗೆ ಒಂದು ಗುಂಡಿ. 41 ಕಲ್ಲಿನಲ್ಲಿ 35 ಇಡಿಯಾಗಿ ಸಿಕ್ಕಿವೆ. ಇಪ್ಪತ್ತೆಂಟು ಕೊಟ್ಟಿಗೆಯ ನೆಲಕ್ಕೆ, ಎರಡು ಅವ್ವನ ಬಟ್ಟೆ ಒಗೆಯುವ ಜಾಗಕ್ಕೆ, ಉಳಿದ ಐದು ಕಾಕಾನ ಮನೆ ಮುಂದಿನ ಕಟ್ಟೆಗೆ. ಅರ್ಧ ಅವರವೇ, ಐದು ಸಾಕಾ ಅಂತ ಕೇಳಿದೆ. ಇಷ್ಟು ವರ್ಷ ಅವಕ್ಕೆ ಸುಣ್ಣ ಬಳಿದವನು ನೀನು, ಇಟ್ಕೋ ಅಂದರು. ನಾನು ಯಾವತ್ತೂ ಬಳಿದಿಲ್ಲ, ಅಪ್ಪ ಬಳಿಯುತ್ತಿದ್ದರು. ತಿದ್ದಲಿಲ್ಲ.

ಮೊದಲ ದಿನ ಮುರಿದ ನಾಲ್ಕು ಬುಡ, ಆಮೇಲಿನ ಎರಡು ಸೇರಿ ಒಟ್ಟು ಆರು ತುಂಡು ನೆಲದಲ್ಲಿದ್ದವು. ಐದನ್ನು ಅಗೆದು ತೆಗೆದೆವು. ಆರನೆಯದು ಅರ್ಧ ಅಡಿ ಕೆಳಗೆ ಓರೆಯಾಗಿ ಸೀಳಿದೆ, ಕುಣಿಕೆ ಎಷ್ಟು ಸಲ ಹಾಕಿದರೂ ಜಾರುತ್ತದೆ, ಅಷ್ಟರಲ್ಲಿ ನಾಲ್ಕನೇ ದಿನದ ಬಿಸಿಲು ಏರಿತ್ತು. ಕಲ್ಟಿವೇಟರ್ ಹಲ್ಲು ತಾಗಬಾರದು ಅಂತ ಅಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟಿದ್ದೇನೆ. ಮೃಗಶಿರ ಮಳೆ ಬೀಳಲಿ, ಮಣ್ಣು ಹದಕ್ಕೆ ಬಂದ ಮೇಲೆ ಇನ್ನೊಂದು ಕೈ ನೋಡುತ್ತೇನೆ.